ಹಾಲೇಶಪ್ಪ ಸರ್ ಅವರ ಉಲ್ಲೇಖದ ಮುಯ್ಯಿ

ಆ ಸಂಜೆ ಎಂ.ಸಿ.ಸಿ. ಬಡಾವಣೆಯ ಮಂಡಕ್ಕಿ ಅಂಗಡಿಯ ಮುಂದೆ ನಾವು ಮೂವರಿದ್ದೆವು: ಮನೋವಿಜ್ಞಾನದ ಹಾಲೇಶಪ್ಪ ಸರ್, ಗಣಿತದ ರುದ್ರೇಶಿ, ಕನ್ನಡ ಪಾಠ ಮಾಡುವ ನಾನು. ಮೂವರೂ ಒಂದೇ ಬಿ.ಎಡ್. ಕಾಲೇಜಿನವರು. ಮೆಣಸಿನಕಾಯಿ ಬಜ್ಜಿ ತಿಂದ ಬೆರಳಿಗೆಲ್ಲ ಎಣ್ಣೆ ಮೆತ್ತಿದ್ದರಿಂದ ಸರ್ ಕಿರುಬೆರಳಿನಲ್ಲಿ ಮೊಬೈಲ್ ಸವರುತ್ತಿದ್ದರು. ಪಕ್ಕದ ಬೆಂಚಿನವರು ಮೊಬೈಲಿನಲ್ಲಿ ಅಡಿಕೆ ಧಾರಣೆ ನೋಡುತ್ತಿದ್ದರೆ, ನಮ್ಮ ಸರ್ ನೋಡುತ್ತಿದ್ದುದು ತಮ್ಮ ಸಂಶೋಧನಾ ಲೇಖನಗಳನ್ನು ಲೋಕದಲ್ಲಿ ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬುದನ್ನು.

‘ಏರೈತ್ರೀ!’ ಎಂದು ಕೂಗಿದರು.

‘ಏನ್ ಸರ್, ಬಿ.ಪಿ.ನಾ?’ ಎಂದ ರುದ್ರೇಶಿ.

‘ಸೈಟೇಶನ್ನಪ್ಪಾ, ಸೈಟೇಶನ್! ನಿಂಗೆ ಇದ್ರ ರುಚಿ ಏನ್ ಗೊತ್ತೈತಿ?’

ಉಲ್ಲೇಖವೆಂದರೆ ಸರ್ ಪಾಲಿಗೆ ಮದುವೆಮನೆಯ ಮುಯ್ಯಿ. ‘ನಿಮ್ಮನಿ ಕಾರ್ಯಕ್ಕೆ ನಾನು ಮುಯ್ಯಿ ಹಾಕೀನಿ, ನಮ್ಮನಿ ಕಾರ್ಯಕ್ಕೆ ನೀವು ಹಾಕ್ಬೇಕಲ್ರೀ’ ಎನ್ನುತ್ತಿದ್ದರು. ಪರಿಚಯದ ಮೇಷ್ಟ್ರುಗಳ ಲೇಖನಗಳನ್ನೆಲ್ಲ ತಮ್ಮ ಲೇಖನದ ಕೊನೆಗೆ ತುರುಕುವರು. ಅವರು ತಿರುಗಿ ಹಾಕದಿದ್ದರೆ ನಾಮಕರಣಕ್ಕೆ ಕರೆಯದ ಬೀಗರ ಮೇಲೆ ಮುನಿಸಿಕೊಂಡಂತೆ ಮುನಿಸಿಕೊಳ್ಳುವರು. ಹಾಕಿದವರ ಲೇಖನವನ್ನು ಮಾತ್ರ ಓದುತ್ತಿರಲಿಲ್ಲ. ‘ಮುಯ್ಯಿ ಕೊಟ್ಟೋರ ಕವರ್ ಅಲ್ಲೇ ಬಿಚ್ಚಿ ನೋಡೋದು ಮರ್ಯಾದಸ್ತರ ಲಕ್ಷಣ ಅಲ್ರಿ.’

ಈ ಸಲದ ಸಂಭ್ರಮಕ್ಕೆ ಕಾರಣವಿತ್ತು. ನಿವೃತ್ತಿಗೆ ಮುಂಚೆ ಪ್ರಾಧ್ಯಾಪಕ ಎನಿಸಿಕೊಳ್ಳಬೇಕೆಂಬುದು ಸರ್ ಅವರ ಜೀವದಾಸೆ. ಬಡ್ತಿಯ ಸಂದರ್ಶನ ಹತ್ತಿರವಿತ್ತು, ಅಲ್ಲಿ ಲೇಖನ, ಉಲ್ಲೇಖ ಎಲ್ಲವನ್ನೂ ತೂಗುತ್ತಾರೆ. ಅಂಥ ಹೊತ್ತಿಗೆ ಹರಿಹರದಾಚೆಯ ಸಾರಥಿ ಊರಿನ ಶಾಲೆಯ ಮಕ್ಕಳ ಪರೀಕ್ಷಾ ಭಯದ ಬಗ್ಗೆ ಅವರು ಎಂದೋ ಬರೆದಿದ್ದ ಲೇಖನಕ್ಕೆ ಉಲ್ಲೇಖಗಳು ದಬದಬ ಬೀಳತೊಡಗಿದ್ದವು.

ಮರುದಿನ ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದರು. ರುದ್ರೇಶಿ ಮರ್ಯಾದಸ್ತನಲ್ಲ, ಪೇಡೆ ಬಾಯಿಗೆ ಹಾಕಿಕೊಂಡೇ ಕವರ್ ಬಿಚ್ಚಿದ, ಎಂದರೆ ಉಲ್ಲೇಖಿಸಿದವರ ಲೇಖನಗಳನ್ನು ತೆಗೆದು ಓದಿದ.

‘ಸರ್, ಇದು ಮುಯ್ಯಿ ಅಲ್ರಿ, ಮಂಗಳಾರತಿ!’

ಹರಿಹರದ ನಾಗವೇಣಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಅದೇ ಶಾಲೆಗೆ ಹೋಗಿ ಅದೇ ಪ್ರಶ್ನೆಗಳನ್ನು ಕೇಳಿ, ಸರ್ ಹೇಳಿದ್ದು ತಪ್ಪೆಂದು ಬರೆದಿದ್ದಳು. ಮಕ್ಕಳಿಗಿದ್ದದ್ದು ಪರೀಕ್ಷೆಯ ಭಯವಲ್ಲ, ಮುಂದೆ ನಿಂತು ಕೇಳಿದವರ ಭಯ. ಏನು ಕೇಳಿದರೂ ಹೌದೆನ್ನುತ್ತಿದ್ದರು ಎಂಬುದು ಅವಳ ವಾದ. ಅವಳ ಲೇಖನ ಓದಿದ ಉಳಿದವರೆಲ್ಲ, ಹೀಗೆ ಕೇಳಬಾರದು ಎಂಬುದಕ್ಕೆ ಉದಾಹರಣೆಯಾಗಿ ಹಾಲೇಶಪ್ಪನವರ ಹೆಸರನ್ನೇ ಹಿಡಿದಿದ್ದರು.

ಸರ್ ಪೇಡೆಯ ಡಬ್ಬಿ ಮುಚ್ಚಿದರು. ‘ಗಾಡಿ ತೆಗೀರಿ’ ಎಂದರು ನನಗೆ.

ಹರಿಹರ ದಾಟಿ ಸಾರಥಿ ಮುಟ್ಟುವವರೆಗೂ ಹಿಂದೆ ಕೂತು ನಾಗವೇಣಿಯ ವಂಶವನ್ನೆಲ್ಲ ಬೈದರು. ಶಾಲೆಯಲ್ಲಿ ಒಬ್ಬ ಹುಡುಗಿಯನ್ನು ಕರೆದು, ಮೀಸೆ ತೀಡಿಕೊಂಡು ಕೇಳಿದರು:

‘ಪರೀಕ್ಷೆ ಅಂದ್ರ ಹೆದರ್ಕಿ ಆಗತೈತೇನವ್ವಾ?’

‘ಹೂಂ ಸರ್.’

‘ಖುಷಿ ಆಗತೈತಾ?’

‘ಹೂಂ ಸರ್.’

ಸರ್ ಮೀಸೆಯಿಂದ ಕೈ ತೆಗೆದು, ‘ನಾನೊಬ್ಬ ಕತ್ತೆ ಅದೀನೇನವ್ವಾ?’ ಎಂದರು.

‘ಹೂಂ ಸರ್.’

ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ಆ ಹುಡುಗಿಯೂ ನಕ್ಕಳು. ವಾಪಸು ಬರುವಾಗ ಸರ್ ಹಿಂದೆ ಕೂತು ನಾಗವೇಣಿಯ ಲೇಖನವನ್ನು ಮೊಬೈಲಿನಲ್ಲಿ ಓದಿದರು.

ಸಂದರ್ಶನಕ್ಕೆ ಮುಂಚೆ ಆ ಲೇಖನವನ್ನೇ ವಾಪಸು ತೆಗೆದುಕೊಳ್ಳುವುದಾಗಿ ಪತ್ರಿಕೆಗೆ ಬರೆದರು. ಅದಿಲ್ಲದೆ ಸರ್ ಅವರ ಸಾಧನೆ ಬರೀ ಮುಯ್ಯಿಯ ಮೇಲೆ ನಿಂತಿತ್ತು.

‘ಬೈದ್ರೋ ಹೊಗಳಿದ್ರೋ ಯಾರ್ ನೋಡ್ತಾರೆ ಸರ್? ಅಲ್ಲಿ ನಂಬರ್ ಅಷ್ಟೇ ನೋಡೋದು, ಸುಮ್ನಿರ್ರಿ’ ಎಂದು ರುದ್ರೇಶಿ ಅಂಗಲಾಚಿದ.

‘ಅವ್ರು ನೋಡಲ್ಲಪ್ಪಾ, ಖರೆ. ನಾನು ದಿನಾ ನೋಡ್ತೀನಲ್ಲೋ!’

ಬಡ್ತಿ ಸಿಗಲಿಲ್ಲ. ಸಂದರ್ಶನ ಮುಗಿಸಿ ಬಂದವರು ಎರಡು ಪ್ಲೇಟ್ ಬಜ್ಜಿ ಹೇಳಿ, ‘ಖಾರ ಕಡಿಮಿ ಐತಲ್ಲಬೇ’ ಎಂದು ಅಂಗಡಿಯವಳ ಜೊತೆ ಜಗಳ ತೆಗೆದರು. ಅವರ ಕಣ್ಣಲ್ಲಿ ಅಷ್ಟು ನೀರು ಬಂದದ್ದು ಖಾರಕ್ಕೆ ಅಲ್ಲವೆಂದು ನಮಗಿಬ್ಬರಿಗೂ ತಿಳಿಯಿತು.

ನಿವೃತ್ತರಾದ ಮೇಲೆ ಹರಿಹರದ ಬಸ್ಸು ಹತ್ತುವ ಚಟ ಹಿಡಿಯಿತು. ನಾಗವೇಣಿಯ ಜೊತೆ ಕೂತು ಪ್ರಶ್ನೆಗಳನ್ನೆಲ್ಲ ಮಕ್ಕಳ ಮಾತಿನಲ್ಲೇ ಹೊಸದಾಗಿ ಬರೆದರು. ನಾನು ಕೊನೆಯ ಸಲ ಕಂಡಾಗ ಸಾರಥಿ ಶಾಲೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮೀಸೆ ಬೋಳಿಸಿದ್ದರು. ‘ಮಕ್ಳು ಹೆದರ್ತಾವಂತ ಈಕಿನೇ ತೆಗೆಸಿದ್ಳು ನೋಡ್ರಿ’ ಎಂದು ನಾಗವೇಣಿಯ ಮೇಲೆ ದೂರು ಹೇಳಿದರು. ಪಕ್ಕದಲ್ಲಿದ್ದ ಹುಡುಗ ಅವರ ಪ್ರಶ್ನೆಗೆ ‘ಇಲ್ಲ, ನಂಗೆ ಗೊತ್ತಿಲ್ಲ ಹೋಗ್ರಿ’ ಎಂದ. ಸರ್ ಮುಖ ಅರಳಿತು.

ಹೋದ ಚಳಿಗಾಲದಲ್ಲಿ ಸರ್ ತೀರಿಕೊಂಡರು. ಅವರಿಬ್ಬರೂ ಸೇರಿ ಬರೆದ ಹೊಸ ಲೇಖನ ಅಚ್ಚಾದದ್ದು ಆಮೇಲೆ. ನಾಗವೇಣಿ ತಂದು ತೋರಿಸಿದಳು; ಹಾಲೇಶಪ್ಪನವರ ಹೆಸರು ಮೊದಲಿತ್ತು, ಅವಳದು ಅದರ ಕೆಳಗೆ.

‘ಸರ್ ಇರೋತನಕ, ನಾಗವೇಣಿ ನಿನ್ನ ಹೆಸ್ರೇ ಮುಂದಿರ್ಲಿ ಅಂತ ನನ್ ಜೊತೆ ಜಗಳ ಆಡಿದ್ರು’ ಎಂದಳು. ‘ಈಗ ಹೆಂಗೆ ಆಡ್ತಾರ್ರಿ?’