ಬೇಲಿಯಾಚೆ ಬೇಲಿಯೀಚೆ ನೀಲಿ ನೀರು

ಮಣ್ಣಿನೊಳಗೆ ನೀರು ಹೇಗೆ ಇಳಿಯುತ್ತದೆ, ತನ್ನಲ್ಲಿ ಕರಗಿದ ಗೊಬ್ಬರ, ಉಪ್ಪನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಕುಂದಾಣದ ಹತ್ತಿರದ ಒಂದು ಹಳ್ಳಿಗೆ ನಾನು ಹೋದದ್ದೂ ಅದಕ್ಕೇ. ಅಲ್ಲಿನ ರೈತ ಮಹಿಳೆಯೊಬ್ಬರ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಕುಡಿಯಲಾಗದಷ್ಟು ಹೆಚ್ಚಿತ್ತು. ಅದು ರಸಗೊಬ್ಬರದಿಂದಲೂ ಬರಬಹುದು, ಸಗಣಿಯಿಂದಲೂ ಬರಬಹುದು. ನಾಲಿಗೆಗೆ ಮಾತ್ರ ತಿಳಿಯುವುದಿಲ್ಲ.

ಆಕೆಗೆ ಕಾರಣದ ಬಗ್ಗೆ ಅನುಮಾನವೇ ಇರಲಿಲ್ಲ. ಬೇಲಿಯಾಚೆ ವಾರಗಿತ್ತಿಯ ಗುಲಾಬಿ ತೋಟವಿತ್ತು. “ಡ್ರಿಪ್ಪಲ್ಲಿ ಗೊಬ್ಬರ ಬಿಡ್ತಾನೇ ಇರ್ತಾಳೆ ಮೇಡಂ. ಅದೆಲ್ಲಾ ನನ್ ಬೋರಿಗೇ ಬರೋದು,” ಅಂದರು. ಜಮೀನು ಭಾಗವಾದಾಗಿನಿಂದ ಇಬ್ಬರ ನಡುವೆ ಮಾತು ಕಡಿಮೆ. ನೀರಿನ ವರದಿ ಬಂದ ಮೇಲೆ ಅದೂ ನಿಂತಿತ್ತು.

ನನ್ನ ಮೊದಲ ಲೆಕ್ಕ ಆಕೆಯ ಪರವಾಗಿಯೇ ಇತ್ತು. ಮಣ್ಣು ಎಲ್ಲೆಡೆ ಒಂದೇ ಸಮ ಎಂದುಕೊಂಡರೆ ತೋಟದ ಗೊಬ್ಬರ ಇಳಿಜಾರಿನಲ್ಲಿ ಬೋರಿನ ಕಡೆಗೇ ಬರಬೇಕು. ಆದರೆ ಮಣ್ಣು ಹಾಗೆ ಇರುವುದು ಅಪರೂಪ. ಅಗೆದು ನೋಡದೆ ಒಬ್ಬರ ಮೇಲೆ ತಪ್ಪು ಹೊರಿಸಲು ಮನಸ್ಸು ಒಪ್ಪಲಿಲ್ಲ. ನೀರು ಇಳಿಯುವ ದಾರಿ ಕಾಣಲೆಂದು, ವಾರಗಿತ್ತಿಯ ಒಪ್ಪಿಗೆ ಪಡೆದು ಗುಲಾಬಿ ಸಾಲಿನ ನಡುವೆಯೂ, ಬೋರಿನ ಹತ್ತಿರವೇ ಇದ್ದ ಈಕೆಯ ಸಗಣಿಯ ತಿಪ್ಪೆಗುಂಡಿಯ ಅಂಚಿನಲ್ಲೂ ನೀಲಿ ಬಣ್ಣದ ನೀರು ಸುರಿದು, ಮಾರನೆಯ ದಿನ ಎರಡೂ ಕಡೆ ನೆಲ ಅಗೆಸಿದೆ.

ತೋಟದಲ್ಲಿ ನೀಲಿ ಮೊಳದಷ್ಟು ಇಳಿದು ಜೇಡಿಮಣ್ಣಿನ ಪದರದ ಮೇಲೆ ನಿಂತಿತ್ತು. ಆ ಪದರ ಬೋರಿನಿಂದ ಆಚೆಗೆ ವಾಲಿತ್ತು. ತಿಪ್ಪೆಯ ಬಳಿ ಮಾತ್ರ, ಹಿಂದೆಂದೋ ಕಡಿದ ಹೊಂಗೆಮರದ ಬೇರು ಕೊಳೆತು ಉಳಿದ ಪೊಳ್ಳಿನಲ್ಲಿ ಬಣ್ಣ ನೇರ ಕೆಳಕ್ಕೆ ಜಾರಿ ನೀರು ಸಲೀಸಾಗಿ ಇಳಿಯುವ ಗರಸುಕಲ್ಲಿನ ಮಣ್ಣಿನೊಳಗೆ ಮರೆಯಾಗಿತ್ತು.

ಕಂಡದ್ದನ್ನೆಲ್ಲ ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಅಂಕಿಗಳನ್ನು ಹೇಗೆ ಬದಲಿಸಿ ನೋಡಿದರೂ ಉತ್ತರ ತಿಪ್ಪೆಯ ಕಡೆಗೇ ಬೊಟ್ಟು ಮಾಡಿತು. ಆಕೆಗೆ ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋದೆ. ಎದುರು ಕೂತಾಗ ಒಂದೂ ನೆನಪಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಆಕೆ ತಿಪ್ಪೆಯ ಕಡೆ ತಿರುಗಿ ನೋಡಿ, “ಖಂಡಿತಾನಾ?” ಅಂದರು.

“ಖಂಡಿತಾ ಅನ್ನೋಕಾಗಲ್ಲ ಅಮ್ಮ. ನೆಲದೊಳಗೆ ಪೂರ್ತಿ ನೋಡೋಕಾಗಲ್ವಲ್ಲ. ಹೀಗಿರೋ ಸಾಧ್ಯತೆನೇ ಜಾಸ್ತಿ.”

“ಅವಳ ಮೇಲೆ ಹೇಳೋವಾಗ ನಾನು ಇಷ್ಟೂ ಯೋಚ್ನೆ ಮಾಡ್ಲಿಲ್ಲ,” ಅಂದರು.

ತಿಪ್ಪೆಯನ್ನು ಜೇಡಿಮಣ್ಣಿರುವ ಕಡೆಗೆ ಸಾಗಿಸುವುದು ಒಳ್ಳೆಯದೆಂದು ಸೂಚಿಸಿದೆ. ಆಕೆಯ ಜಮೀನಿನಲ್ಲಿ ಆ ಪದರ ಇದ್ದದ್ದು ಬೇಲಿಯ ಪಕ್ಕ, ಗುಲಾಬಿ ತೋಟಕ್ಕೆ ಅಂಟಿಕೊಂಡೇ. ನಾನು ಹೋಗಿ ಕೇಳಲೇ ಎಂದರೆ ಬೇಡವೆಂದು ತಲೆಯಾಡಿಸಿ ತಾವೇ ಎದ್ದರು. ಬೇಲಿಯ ಬಳಿ ನಿಂತು ವಾರಗಿತ್ತಿಯನ್ನು ಕರೆದರು.

“ತಿಪ್ಪೆ ಇಲ್ಲಿಗೆ ತರ್ಬೇಕಂತೆ ಕಣೇ. ನಿನ್ ಕಡೆಗೆ ವಾಸನೆ ಬರುತ್ತೆ.”

ಹೂ ಬಿಡಿಸುತ್ತಿದ್ದ ವಾರಗಿತ್ತಿ ಬುಟ್ಟಿ ಕೆಳಗಿಟ್ಟು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. “ಹಾಕ್ಕೊಳ್ಳಿ ಅಕ್ಕ. ನಿಮ್ ಬೋರ್ ನೀರು ಸರಿಹೋಗೋವರ್ಗೂ ಕುಡಿಯೋಕೆ ಏನ್ಮಾಡ್ತೀರ? ನಮ್ ಬೋರ್ ನೀರು ಟೆಸ್ಟಲ್ಲಿ ಚೆನ್ನಾಗೇ ಬಂದಿದೆ, ಅಲ್ಲೇ ಹಿಡ್ಕೊಂಡೋಗಿ.”

ಮಳೆಗಾಲ ಕಳೆದ ಮೇಲೆ ಮತ್ತೆ ನೀರು ಪರೀಕ್ಷಿಸಿದೆ. ನೈಟ್ರೇಟ್ ಇಳಿಯತೊಡಗಿತ್ತು, ಆದರೂ ಕುಡಿಯುವಷ್ಟು ಶುದ್ಧವಾಗಿರಲಿಲ್ಲ. ನೆಲದಲ್ಲಿ ಸೇರಿಹೋದದ್ದು ಹೊರಬರಲು ಸಮಯ ಬೇಕು ಎಂದೆ. “ಬರಲಿ ಬಿಡಿ, ನಿಧಾನಕ್ಕೆ,” ಎಂದು ಆಕೆ ಖಾಲಿ ಬಿಂದಿಗೆ ಎತ್ತಿಕೊಂಡು ಗುಲಾಬಿ ತೋಟದ ಕಡೆ ನಡೆದರು.