ಪಟ್ಟಾಪಟ್ಟಿ ಜೇಬಿಗೊಂದು ಪಿಸ್ತೂಲು

ನನ್ನ ಅಂಗಡಿಯಲ್ಲಿ ಮಚ್ಚು, ಕುಡುಗೋಲು, ಕೊಡಲಿ, ಹಾರೆ ಎಲ್ಲವೂ ಸಿಗುತ್ತವೆ. ತಿಪಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು ಇವನ್ನು ಮಾರದೆ ಬದುಕುವಂತಿಲ್ಲ. ಮಚ್ಚುಗಳನ್ನು ಬಾಗಿಲಲ್ಲೇ ಬಾಳೆಗೊನೆಯ ಹಾಗೆ ತೂಗುಹಾಕಿದ್ದೇನೆ. ಬಂದವರು ಬೆರಳಿನಲ್ಲಿ ಅಂಚು ಸವರಿ, ಗಾಳಿಯಲ್ಲಿ ಒಮ್ಮೆ ಬೀಸಿ ನೋಡಿ, ಹಳೆಯ ಪೇಪರಿನಲ್ಲಿ ಸುತ್ತಿಸಿಕೊಂಡು ಹೋಗುತ್ತಾರೆ. ಅದನ್ನು ಹಿಡಿದು ಬಸ್ಸು ಹತ್ತಿದರೂ ಪಕ್ಕದವರು ಸರಿದು ಜಾಗ ಕೊಡುತ್ತಾರೆಯೇ ಹೊರತು ಹೆದರಿ ಇಳಿದುಹೋಗುವುದಿಲ್ಲ. ಎಳನೀರು ಕೆತ್ತುವವನಿರಬೇಕು ಅಂದುಕೊಳ್ಳುತ್ತಾರೆ. ಇಷ್ಟು ಆಯುಧಗಳ ನಡುವೆ ಕೂತವನಿಗೆ ಅಂಗೈಯಗಲದ ಒಂದು ಪಿಸ್ತೂಲು ಬೇಕು ಅನ್ನಿಸಿತು ಎಂದರೆ ನೀವು ನಗಬಹುದು. ನಗಿ, ಆದರೆ ಪೂರ್ತಿ ನಕ್ಕು ಮುಗಿಸಬೇಡಿ. ಮುಂದಕ್ಕೂ ಸ್ವಲ್ಪ ಬೇಕಾಗುತ್ತದೆ.

ಕಾರಣವಿತ್ತು. ನನ್ನ ಹೆಂಡತಿ ಗಿರಿಜಾ ದಿನಾ ಸಂಜೆ ಬಿಳಿಗೆರೆ ಕಡೆಯ ನಮ್ಮ ತೋಟಕ್ಕೆ ನಡೆದು ಹೋಗಿ ಬರುತ್ತಿದ್ದಳು. ತೋಟದಲ್ಲಿ ಅಂಥ ಕೆಲಸವೇನೂ ಇರಲಿಲ್ಲ. ಬಿದ್ದ ಕಾಯಿ ಆರಿಸಿ ಮರದ ಬುಡಕ್ಕೆ ಹಾಕುವುದು, ಒಣಗಿದ ಗರಿ ಪಕ್ಕಕ್ಕೆ ಎಳೆಯುವುದು, ಹೋಗುವಾಗ ಬರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುವುದು. ದಿನದಲ್ಲಿ ಆ ಹೊತ್ತೊಂದೇ ಅವಳದು, ಉಳಿದದ್ದೆಲ್ಲ ಮನೆಯದು. ಒಂದು ಸಂಜೆ ಹಿಂದಿನಿಂದ ಬೈಕಿನಲ್ಲಿ ಬಂದ ಇಬ್ಬರು ಅವಳ ಮಾಂಗಲ್ಯದ ಸರ ಕಿತ್ತುಕೊಂಡು ಹೋದರು. ಬಿದ್ದು ಮೊಣಕೈ ತರಚಿತು. ದೂರು ಕೊಟ್ಟೆವು. ಕೊರಳಿಗೆ ಅರಿಸಿನದ ದಾರದಲ್ಲಿ ಅರಿಸಿನದ ಕೊಂಬು ಕಟ್ಟಿಕೊಂಡಳು. ತರಚಿದ್ದು ಮಾಯಿತು. ತೋಟಕ್ಕೆ ಹೋಗುವುದು ಮಾತ್ರ ನಿಂತೇಹೋಯಿತು. ಸಂಜೆಯಾದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದಳು. ಬೀದಿಯಲ್ಲಿ ಬೈಕಿನ ಸದ್ದಾದರೆ ಕೈ ತಾನಾಗಿ ಕೊರಳಿಗೆ ಹೋಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾದರೂ ಆಗಲಿ, ಒಂದು ಪಿಸ್ತೂಲು ತೆಗೆದುಕೊಂಡೇಬಿಡುವುದು ಎಂದು ತೀರ್ಮಾನಿಸಿದೆ.

ಈ ವಸ್ತುವಿಗೆ ನಮ್ಮಲ್ಲಿ ಹೆಸರಿಗೇನೂ ಬರವಿಲ್ಲ. ತುಪಾಕಿ ತುರ್ಕಿಯವರ ಕಡೆಯಿಂದ ಬಂತಂತೆ, ಬಂದೂಕು ಅರಬ್ಬಿ ಪಾರಸಿಯವರ ಕಡೆಯಿಂದ, ಪಿಸ್ತೂಲು ಫರಂಗಿಯವರಿಂದ. ಹೆದರಿಕೆ ಮಾತ್ರ ಅಚ್ಚಗನ್ನಡ. ಗುಂಡು ಕೂಡ ನಮ್ಮದೇ. ಎದೆಯೊಳಗಿನದನ್ನು ಗುಂಡಿಗೆ ಎಂದು ಕರೆದವರು ಗುಂಡಿಗೂ ಅದಕ್ಕೂ ಏನೋ ನಂಟಿದೆ ಎಂದೇ ಕರೆದಿರಬೇಕು ಅಂತ ಆ ದಿನಗಳಲ್ಲಿ ನನಗೆ ಬಲವಾಗಿ ಅನ್ನಿಸುತ್ತಿತ್ತು. ಅಂಗಿಯ ಗುಂಡಿ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ನಮ್ಮ ನೆಂಟರಲ್ಲಿ ರಿವಾಲ್ವರ್ ಇರುವುದು ಒಬ್ಬರ ಬಳಿ ಮಾತ್ರ. ಗಿರಿಜಾಳ ಅಣ್ಣ, ದಂಡಿನಶಿವರದ ಶಿವಣ್ಣ. ನನಗೆ ಅವರು ಭಾವ, ಅವರಿಗೆ ನಾನೂ ಭಾವ. ಒಂದು ಭಾನುವಾರ ಹೋಗಿ ವಿಷಯ ಹೇಳಿದೆ. ಅವರು ಬೀರುವಿನ ಬೀಗ ತೆಗೆದು, ಹಳೆಯ ಟವೆಲಿನಲ್ಲಿ ಸುತ್ತಿದ್ದ ವಸ್ತುವನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದರು. ಒಳಗೆ ಗುಂಡಿಲ್ಲವೆಂದು ತಾವೊಮ್ಮೆ ನೋಡಿ, ನನಗೊಮ್ಮೆ ತೋರಿಸಿ, ಆಮೇಲೆ ಕೈಗೆ ಕೊಟ್ಟರು.

"ಇದು ಥರ್ಟಿಟೂ. ಇದಕ್ಕಿಂತ ಸಣ್ಣದು ಟ್ವೆಂಟಿಟೂ ಅಂತ ಬತ್ತದೆ. ಅದ್ನ ತಗಂಡ್ರೆ ತೋಟದ ಅಳಿಲೂ ನಗ್ತವೆ ಕಣ್ರೀ ಭಾವ."

"ಸಣ್ಣದಾದರೆ ಹಗುರ ಇರುತ್ತಲ್ಲ ಭಾವ?"

"ಹಗುರ ಇರ್ತದೆ, ಯಾಕಿರಲ್ಲ? ಅದ್ರ ಗುಂಡು ಹೆಸರುಕಾಳಿನ ದಪ್ಪ, ಇದ್ರದ್ದು ಕಡಲೆಕಾಳಿನ ದಪ್ಪ. ಅಷ್ಟೇ ಯತ್ವಾಸ."

ಪಿಸ್ತೂಲು ಒಳ್ಳೆಯದೋ ರಿವಾಲ್ವರ್ ಒಳ್ಳೆಯದೋ ಎಂದು ಕೇಳಿದೆ. ಪಿಸ್ತೂಲಿಗೆ ಉಪಚಾರ ಜಾಸ್ತಿ, ರಿವಾಲ್ವರ್ ಹಳೆಯ ಸೈಕಲ್ಲಿನ ಹಾಗೆ, ಮೂಲೆಯಲ್ಲಿ ಬಿಟ್ಟಿದ್ದರೂ ಹತ್ತಿದರೆ ಓಡುತ್ತದೆ ಎಂದರು. ಇದುವರೆಗೆ ಎಷ್ಟು ಸಲ ಓಡಿಸಿದ್ದೀರಿ ಎಂದದ್ದಕ್ಕೆ ಮಾತು ಬದಲಾಯಿಸಿದರು. ಒಳಗಿನಿಂದ ಅವರ ಹೆಂಡತಿ, "ಅದು ಈ ಮನೇಲಿ ಇರೋದೇ ಅಷ್ಟರಲ್ಲೈತೆ. ಎಲೆಕ್ಷನ್ ಬಂತು ಅಂದ್ರೆ ಸ್ಟೇಷನ್ನಿಗೆ ಕೊಟ್ಟು ಬರ್ಬೇಕು. ಹೆಣ್ಮಕ್ಳು ಹಬ್ಬಕ್ಕೆ ತೌರಿಗೆ ಹೋದಂಗೆ ಹೋಗ್ತದೆ, ಬತ್ತದೆ," ಎಂದರು. ಭಾವ ಟವೆಲನ್ನು ಒದರಿ ಮಡಿಸಿದರು.

"ಅವೆಲ್ಲ ಇರ್ಲಿ ಬುಡಿ. ಲೈಸೆನ್ಸಿಗೆ ಹೋದ್ರೆ ಮೊದ್ಲು ಕೇಳೋದೇ, ನಿಮಗೆ ಯಾರಿಂದ ಪ್ರಾಣಭಯ ಅಂತ. ಅದಕ್ಕೊಂದು ಉತ್ತರ ರೆಡಿ ಮಾಡ್ಕಳಿ."

ಬರುವಾಗ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯ ಮೇಲೆ ರಿವಾಲ್ವರನ್ನಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೀಟು ಎಳೆದುಕೊಂಡು ಬಂದೆ. ಬಸ್ಸಿನಲ್ಲಿ ಉತ್ತರ ಯೋಚಿಸಿದೆ. ಯಾರಿಂದ ಪ್ರಾಣಭಯ? ನೆನೆಸಿಕೊಂಡರೆ ಒಂದು ಮುಖವೂ ಬರಲಿಲ್ಲ. ಅಂಗಡಿಯಲ್ಲಿ ಚೌಕಾಸಿ ಮಾಡುವವರಿದ್ದಾರೆ, ತೋಟದ ಬದುವಿನ ತಕರಾರಿನವರಿದ್ದಾರೆ. ಅವರು ಪ್ರಾಣ ತಿನ್ನುತ್ತಾರೆ ನಿಜ, ತೆಗೆಯುವವರಲ್ಲ.

ಉತ್ತರ ಹೊಳೆಯುವವರೆಗೆ ಯಾವುದು ಅನುಕೂಲ ಎಂದಾದರೂ ಪರೀಕ್ಷೆ ಮಾಡೋಣ ಅಂದುಕೊಂಡೆ. ದಿನಾ ಮೈಮೇಲೆ ಇಟ್ಟುಕೊಂಡು ತಿರುಗುವ ವಸ್ತು. ಕೊಂಡ ಮೇಲೆ ಭಾರ ಅನ್ನಿಸಿದರೆ ಅದೂ ಬೀರು ಸೇರುತ್ತದೆ. ನಾನು ಉಡುವುದು ಪಂಚೆ, ಒಳಗೆ ಪಟ್ಟಾಪಟ್ಟಿ ಚಡ್ಡಿ. ನಮ್ಮ ಕಡೆಯ ಗಂಡಸರ ಬ್ಯಾಂಕು, ಬೀರು, ಔಷಧಿ ಅಂಗಡಿ ಎಲ್ಲವೂ ಆ ಚಡ್ಡಿಯ ಜೇಬೇ. ಭಾವನ ರಿವಾಲ್ವರ್ ಕೈಯಲ್ಲಿ ಹಿಡಿದಾಗ ಹದವಾದ ಒಂದು ಸುಲಿದ ತೆಂಗಿನಕಾಯಿಯಷ್ಟು ತೂಗಿತ್ತು. ಸರಿ, ಬೆಳಿಗ್ಗೆ ಎದ್ದು ಸುಲಿದ ಕಾಯೊಂದನ್ನು ಚಡ್ಡಿಯ ಜೇಬಿಗೆ ತುರುಕಿಕೊಂಡು ಅಂಗಡಿಗೆ ಹೋದೆ. ಮೊದಲು ಚಡ್ಡಿ ಒಂದು ಕಡೆಗೆ ವಾಲಿತು. ಆಮೇಲೆ ನಾನೂ ವಾಲಿದೆ. ಮೊಳೆಯ ಡಬ್ಬ ಎತ್ತಲು ಬಗ್ಗಿದಾಗ ಲಾಡಿ ಸಡಿಲವಾಗಿ, ಒಂದು ಕೈಯಲ್ಲಿ ಡಬ್ಬ, ಇನ್ನೊಂದು ಕೈಯಲ್ಲಿ ಮಾನ ಹಿಡಿದುಕೊಂಡು ನಿಂತೆ. ಗಿರಾಕಿಯೊಬ್ಬರು, "ಏನ್ ಸಾವ್ಕಾರ್ರೇ, ಹರ್ನಿಯಾನಾ? ತುಮಕೂರಲ್ಲಿ ಒಳ್ಳೆ ಡಾಕ್ಟ್ರು ಅವ್ರೆ," ಎಂದು ಕಳಕಳಿಯಿಂದ ಹೇಳಿದರು. ಥರ್ಟಿಟೂ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಅಳಿಲು ನಗುವ ಟ್ವೆಂಟಿಟೂ. ಅದರ ತೂಕ ನಾನು ನೋಡಿರಲಿಲ್ಲ. ಭಾವ ಹೇಳಿದ್ದನ್ನು ಅಂದಾಜು ಮಾಡಿ ಒಂದು ದಪ್ಪನೆಯ ಉಂಡೆ ಕೊಬ್ಬರಿಗೆ ಸಮ ಎಂದುಕೊಂಡೆ. ಉಂಡೆ ಹಾಗೆಯೇ ಇಟ್ಟರೆ ಉಬ್ಬಿ ಕಾಣುತ್ತಿತ್ತು, ಒಡೆದು ಹೋಳು ಮಾಡಿ ಹಾಕಿಕೊಂಡೆ. ಹಿತವಾಗಿತ್ತು. ಕೂತರೆ ಒತ್ತಲಿಲ್ಲ, ಎದ್ದರೆ ಜಗ್ಗಲಿಲ್ಲ. ಇದೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಆದರೆ ತಿಪಟೂರಿನವನ ಕೈಗೆ ಎಟುಕುವಂತೆ ಕೊಬ್ಬರಿ ಇಟ್ಟರೆ ಏನಾಗಬೇಕೋ ಅದಾಯಿತು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಆಯುಧವನ್ನು ಪೂರ್ತಿ ತಿಂದು ಮುಗಿಸಿದ್ದೆ.

ತೂಕದ ತೀರ್ಮಾನವಾಯಿತು, ಉಳಿದದ್ದು ಜೇಬು. ನಮ್ಮ ಅಂಗಡಿ ಸಾಲಿನಲ್ಲೇ ಖಾದರ್ ಸಾಬರ ಟೈಲರ್ ಅಂಗಡಿ. ನನ್ನ ಚಡ್ಡಿಗಳನ್ನು ಹೊಲಿಯುವವರು ಅವರೇ. ಕ್ಯಾಲೆಂಡರ್ ಹಾಳೆಯ ಚಿತ್ರವನ್ನು ಸ್ವಲ್ಪ ಕಿರಿದು ಮಾಡಿ, ರಟ್ಟಿನಲ್ಲಿ ಕತ್ತರಿಸಿ, ಇದು ಹಿಡಿಸುವಂತೆ ಜೇಬು ಬೇಕು ಎಂದು ಕೊಟ್ಟೆ. ಏನು, ಯಾಕೆ ಎಂದು ಹೇಳಲಿಲ್ಲ. ಅವರು ಕನ್ನಡಕ ಏರಿಸಿ ರಟ್ಟನ್ನು ಹಿಂದೆ ಮುಂದೆ ತಿರುಗಿಸಿದರು.

"ಡ್ರಿಲ್ಲಿಂಗ್ ಮಿಷಿನ್ನಾ ಸಾವ್ಕಾರ್ರೇ? ಅದ್ನ ಯಾಕೆ ಚಡ್ಡೀಲಿ ಇಟ್ಕಂತೀರಾ?"

"ಅಂಥದ್ದೇ ಒಂದು, ಸಣ್ಣದು."

"ಹೊಲೀತೀನಿ, ಅದಕ್ಕೇನು. ಜೇಬಿಗೆ ಗುಂಡಿ ಇಡ್ಲಾ ಬ್ಯಾಡ್ವಾ ಹೇಳಿ. ಇಡದಿದ್ರೆ ಬಗ್ಗಿದಾಗ ಬೀಳ್ತದೆ. ಇಟ್ರೆ ಅರ್ಜೆಂಟಿಗೆ ಕೈಗೆ ಸಿಗಾಕಿಲ್ಲ."

ನಾನು ನಿಂತಲ್ಲೇ ಯೋಚನೆಗೆ ಬಿದ್ದೆ. ಗುಂಡಿ ಇಡದಿದ್ದರೆ ಗುಂಡು ತುಂಬಿದ ವಸ್ತು ಮೊಳೆಯ ಡಬ್ಬದ ಮೇಲೆ ಬೀಳುತ್ತದೆ. ಇಟ್ಟರೆ ಕಳ್ಳ ಬಂದಾಗ ಮೊದಲು ಪಂಚೆ ಎತ್ತಬೇಕು, ಆಮೇಲೆ ಗುಂಡಿ ಹುಡುಕಬೇಕು, ಬಿಚ್ಚಬೇಕು, ಅಲ್ಲಿಯವರೆಗೆ ಅವನು ಕಾಯಬೇಕು. ಪಂಚೆ ಎತ್ತಿದ್ದನ್ನು ಅವನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೋ ಅದೂ ಗೊತ್ತಿಲ್ಲ. ಕೊನೆಗೆ ಗುಂಡಿ ಇರಲಿ ಎಂದೆ. ಅವರು ಕೋಟಿಗೆ ಹಾಕುವಂಥ ಗಟ್ಟಿ ಗುಂಡಿಯನ್ನೇ ಇಟ್ಟು, ಕಾಜಾ ಬಿಗಿಯಾಗಿ ಹೊಲಿದು ಕೊಟ್ಟರು.

ಹೊಸ ಚಡ್ಡಿಯನ್ನು ಗಿರಿಜಾ ನೀರಿಗೆ ಹಾಕಲು ತೆಗೆದುಕೊಂಡಾಗ ಜೇಬು ಅವಳ ಕಣ್ಣಿಗೆ ಬಿತ್ತು. ಒಳಗೆ ಕೈ ಇಟ್ಟರೆ ಮೊಣಕೈವರೆಗೂ ಹೋಯಿತು.

"ಇದೇನ್ರೀ, ಚಡ್ಡಿಗೆ ಜೇಬು ಹೊಲ್ಸಿದೀರೋ, ಜೇಬಿಗೆ ಚಡ್ಡಿ ಹೊಲ್ಸಿದೀರೋ?"

ಮುಚ್ಚಿಡಲು ಆಗಲಿಲ್ಲ. ಅವಳ ಅಣ್ಣನ ಮನೆಗೆ ಹೋದದ್ದು, ತೆಂಗಿನಕಾಯಿ, ಕೊಬ್ಬರಿ, ರಟ್ಟು ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಚಡ್ಡಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಸರ ಹೋಗಿದ್ದು ಯಾರ್ದು?"

"ನಿಂದೇ."

"ಸಂಜೆ ಆ ದಾರೀಲಿ ಹೋಗ್ತಿದ್ದೋಳು ಯಾರು?"

"ನೀನೇ ಕಣೇ."

"ನನ್ ಸೀರೇಲಿ ಜೇಬೆಲ್ಲೈತ್ರೀ?"

ಹೆಸರುಕಾಳು, ಕಡಲೆಕಾಳು, ಸೈಕಲ್ಲು, ಗುಂಡಿ, ಕಾಜಾ ಎಲ್ಲವನ್ನೂ ಯೋಚಿಸಿದ್ದೆ. ಹೆದರಿದವಳು ಸೀರೆ ಉಡುತ್ತಾಳೆ ಎಂಬುದೊಂದನ್ನು ಯೋಚಿಸಿರಲಿಲ್ಲ. ಅಳತೆಯೆಲ್ಲ ಅಂಗಡಿಯಲ್ಲಿ ಮಚ್ಚುಗಳ ಕೆಳಗೆ ಭದ್ರವಾಗಿ ಕೂತಿರುವ ಮನುಷ್ಯನದು. ನಿಜವಾಗಿ ನಾಚಿಕೆಯಾಯಿತು.

"ನಾನು ನಿನ್ನ ಜೊತೆ ಬರ್ತೀನಲ್ಲ," ಎಂದೆ. ಮಾನ ಉಳಿಸಿಕೊಳ್ಳಲು ಆಡಿದ ಮಾತದು.

"ನೀವು ಬರಂಗಿದ್ರೆ ಪಿಸ್ತೂಲ್ ಯಾಕೆ? ಬರದಿದ್ರೆ ಅದು ನಿಮ್ ಚಡ್ಡೀಲಿ ಇದ್ದೇನು?"

ಪಿಸ್ತೂಲಿನ ವ್ಯವಹಾರ ಅಂದೇ ಮುಗಿಯಿತು. ಯಾರಿಂದ ಪ್ರಾಣಭಯ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟವೂ ತಪ್ಪಿತು. ಮಾತು ಕೊಟ್ಟ ಮೇಲೆ ನಡೆಯಲೇಬೇಕಲ್ಲ, ಈಗ ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ಅವಳ ಜೊತೆ ತೋಟಕ್ಕೆ ಹೋಗುತ್ತೇನೆ. ಹೊಲಿಸಿದ ಜೇಬು ದಂಡವಾಗಬಾರದೆಂದು ಅದರಲ್ಲಿ ಕೊಬ್ಬರಿ, ಒಂದು ಉಂಡೆ ಬೆಲ್ಲ. ಇದನ್ನು ಯಾವ ಎಲೆಕ್ಷನ್ ಬಂದರೂ ಸ್ಟೇಷನ್ನಿಗೆ ಒಪ್ಪಿಸಬೇಕಾಗಿಲ್ಲ. ಮೊದಮೊದಲು ಅವಳು ರಸ್ತೆಯ ಒಳಬದಿಗೇ ನಡೆಯುತ್ತಿದ್ದಳು, ಸೆರಗನ್ನು ಕೊರಳಿಗೆ ಸುತ್ತಿ ಗಟ್ಟಿಯಾಗಿ ಹಿಡಿದಿರುತ್ತಿದ್ದಳು, ಮಾತೂ ಕಡಿಮೆ. ದಾರಿಯವರು ಮಾತಾಡಿಸಿದರೆ ಹೂಂ ಅನ್ನುತ್ತಿದ್ದಳು ಅಷ್ಟೆ. ನನಗೆ ಅವಳನ್ನು ಬಲವಂತ ಮಾಡಿ ಕರೆತರುತ್ತಿದ್ದೇನೇನೋ ಎಂಬ ಅಳುಕು.

ಮೊನ್ನೆ ತೋಟದಿಂದ ವಾಪಸು ಬರುತ್ತಿದ್ದೆವು. ಹಿಂದಿನಿಂದ ಬೈಕಿನ ಸದ್ದು ಕೇಳಿತು. ನಮ್ಮ ಹತ್ತಿರ ಬರುತ್ತ ಬರುತ್ತ ನಿಧಾನವಾಯಿತು. ಏನು ಮಾಡುತ್ತಿದ್ದೇನೆಂದು ತಿಳಿಯದೆ ಪಂಚೆ ಎತ್ತಿ ಜೇಬಿನ ಗುಂಡಿಗೆ ಕೈ ಹಾಕಿದೆ. ಕಾಜಾ ಬಿಗಿಯಾಗಿತ್ತು, ಗುಂಡಿ ಬಿಚ್ಚಲಿಲ್ಲ. ಪಕ್ಕಕ್ಕೆ ನೋಡಿದರೆ ಗಿರಿಜಾ ಇಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಕ್ಕೆ ತಿರುಗಿ, ರಸ್ತೆಯ ನಡುವೆ ನಿಂತು ಬೈಕಿನವನ ಮುಖವನ್ನು ನೇರ ನೋಡುತ್ತಿದ್ದಳು. ಕೈ ಕೊರಳ ಮೇಲಿರಲಿಲ್ಲ, ಸೊಂಟದ ಮೇಲಿತ್ತು.

ಬೈಕಿನವನು ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟಿದ್ದ. "ಏನ್ ಗಿರಿಜಕ್ಕ, ನೀವು ಮಾತಾಡ್ಸಿ ಬಾಳ ದಿನ ಆಯ್ತು!" ಎಂದ.

"ಇನ್ಮೇಲೆ ದಿನಾ ಮಾತಾಡ್ಸ್ತೀನಿ ಕಣಪ್ಪ," ಎಂದಳು ಅವಳು.

ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. ನಾನು ಪಂಚೆ ಎತ್ತಿಕೊಂಡು, ಜೇಬಿನ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಿದ್ದೆ.

"ಅದೇನ್ರೀ ತೆಗೀತಿದ್ರಿ?"

"ಕೊಬ್ಬರಿ."

ಸರ ಹೋದ ಮೇಲೆ ಅವಳು ಬಾಯಿತುಂಬ ನಕ್ಕದ್ದು ಅದೇ ಮೊದಲು. ನಗುತ್ತಲೇ ಕೈ ಚಾಚಿದಳು. ಕೊಡೋಣವೆಂದರೆ ಗುಂಡಿ ಇನ್ನೂ ಬಿಚ್ಚಿರಲಿಲ್ಲ.