ಕಂಬ ಕಿತ್ತ ಮನೆ

ಕೊರೊನಾ ಮುಗಿದ ಮರುವರ್ಷ. ಸರ್ಕಾರಿ ಕಟ್ಟಡಗಳ ಎಂಜಿನಿಯರ್ ಆಗಿ ನಿವೃತ್ತನಾದ ಮೇಲೆ ನಾನು ಹುನಗುಂದದಲ್ಲಿ ಹಳೆಯ ಮನೆಗಳ ದುರಸ್ತಿಗೆ ಸಲಹೆ ಕೊಡುವ ಕೆಲಸ ಹಿಡಿದಿದ್ದೆ. ಸಲಹೆ ಎನ್ನುವುದು ದೊಡ್ಡ ಮಾತಾಯಿತು. ಜನ ಮೊಬೈಲಿನಲ್ಲಿ ವಿಡಿಯೋ ನೋಡಿ ಕೆಡಿಸಿಟ್ಟಿದ್ದನ್ನು ಬೈಯುತ್ತ ಸರಿಮಾಡುವುದೇ ನನ್ನ ಕೆಲಸ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯುತ್ತಾರೆ. ಒಳಗೆ ಸಿಕ್ಕಿಕೊಂಡ ತೇವ ಗೋಡೆಯನ್ನೇ ತಿಂದಾಗ ನನಗೆ ಫೋನ್ ಮಾಡುತ್ತಾರೆ. ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ!

ಶ್ರಾವಣದ ಒಂದು ಮುಂಜಾನೆ ಇಳಕಲ್ಲಿನಿಂದ ನೀಲವ್ವ ಎಂಬಾಕೆ ಫೋನ್ ಮಾಡಿದಳು. ಗಂಡ ಹೆಂಡತಿ ಇಬ್ಬರೂ ಸೀರೆ ನೇಯುವವರು.

"ಸಾಹೇಬ್ರ, ಮನಿ ಕರಕರ ಅನ್ನಾಕ ಹತ್ತೇತ್ರಿ. ಲಗೂನ ಬರ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ವಾರದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಮೇಸ್ತ್ರಿ ರಾಜೇಸಾಬನನ್ನೂ ನಾಲ್ಕು ಪ್ರಾಪ್‌ಗಳನ್ನೂ ಟಂಟಂ ಆಟೋದಲ್ಲಿ ಹಾಕಿಕೊಂಡು ಹೊರಟೆ. ಪ್ರಾಪ್ ಎಂದರೆ ತಿರುಪು ತಿರುಗಿಸಿ ಎತ್ತರಿಸಬಹುದಾದ ಕಬ್ಬಿಣದ ಊರುಗಂಬ.

ಅದು ಮಣ್ಣಿನ ಮಾಳಿಗೆಯ ಮನೆ, ಎಂದರೆ ಜಂತಿಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಸೂರು. ಅಡ್ಡ ಜಂತಿಗಳು ಒಂದು ದಪ್ಪ ತೊಲೆಯ ಮೇಲೆ, ತೊಲೆ ಮರದ ಕಂಬಗಳ ಮೇಲೆ. ನಡುವಿನ ಕಂಬ ಇರಲಿಲ್ಲ! ಅದಿದ್ದ ಜಾಗದಲ್ಲಿ ತೊಲೆ ಗೇಣುದ್ದ ಜೋತುಬಿದ್ದಿತ್ತು.

"ಯಾವ ಶ್ಯಾಣ್ಯಾ ಕಿತ್ತಾನಿದನ್ನ?" ಎಂದು ಬಾಗಿಲಲ್ಲೇ ಕೂಗಾಡಿದೆ.

ನೀಲವ್ವ ಒಳಗೆ ಕೈ ತೋರಿದಳು. ಜೋತ ತೊಲೆಯ ಕೆಳಗೇ ಅವಳ ಗಂಡ ಶಂಕ್ರಪ್ಪ ಕುಣಿಮಗ್ಗದ ಮುಂದೆ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು ನೇಯುತ್ತಿದ್ದ. ಮಣ್ಣು ಅವನ ಹೆಗಲ ಮೇಲೆ ಉದುರುತ್ತಿತ್ತು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು.

ಆದದ್ದಿಷ್ಟು. ಹೆಂಡತಿಗೂ ಒಂದು ಮಗ್ಗ ಹೂಡಬೇಕೆಂದು ಅವನಿಗೆ ಆಸೆ. ನಡುವಿನ ಕಂಬ ಅಡ್ಡ ಬರುತ್ತಿತ್ತು. ಬುಡ ಕೊಳೆತು ಅದು ಅಲ್ಲಾಡುತ್ತಿದ್ದುದನ್ನು ನೋಡಿ, ಇದರ ಮೇಲೆ ಭಾರವೇ ಇಲ್ಲ ಎಂದುಕೊಂಡು ತಾನೇ ಕಿತ್ತುಹಾಕಿದ. ಅದಕ್ಕೂ ಮುಂಚೆ ಮಾಳಿಗೆ ಸೋರುತ್ತದೆಂದು ಹಳೇ ಮಣ್ಣು ತೆಗೆಯದೆ ಮೇಲೆ ಸಿಮೆಂಟ್ ಸುರಿದಿದ್ದ. ಬಿರುಕಿನಲ್ಲಿ ಇಳಿದ ಮಳೆನೀರನ್ನು ಮಣ್ಣು ಕುಡಿಯಿತು, ಆರಲು ದಾರಿಯಿಲ್ಲದೆ ಭಾರವಾಯಿತು. ಕಂಬ ತೆಗೆಯುವ ಮುಂಚೆ ತೊಲೆಗೆ ಎರಡೂ ಬದಿ ಆಸರೆ ಕೊಡಬೇಕು, ಮೇಲಿನ ಭಾರ ಇಳಿಸಬೇಕು. ಅವನು ಎರಡೂ ಮಾಡಿರಲಿಲ್ಲ.

"ಏಳೋ ಮಾರಾಯ! ಪ್ರಾಪ್ ನೀ ಕುಂತಲ್ಲೇ ನಿಲ್ಲಬೇಕು," ಎಂದೆ. ಸುತ್ತಲಿನ ನೆಲವೆಲ್ಲ ನೀರು ಕುಡಿದು ಮೆತ್ತಗಾಗಿತ್ತು. ಭಾರ ತಡೆಯುವ ಗಟ್ಟಿ ನೆಲ ಇದ್ದದ್ದು ಕಲ್ಲು ಹಾಸಿದ ಕುಣಿಯ ತಳದಲ್ಲಿ ಮಾತ್ರ.

ಅವನು ತಲೆಯೆತ್ತಲಿಲ್ಲ. "ನಾನ ಕಿತ್ತೇನ್ರಿ ಕಂಬಾ. ಬಿದ್ರ ನನ್ನ ಮ್ಯಾಲ ಬೀಳ್ಲಿ. ಅಪ್ಪ ಕಟ್ಟಿದ ಮನಿ ನುಂಗಿದಾಂವ ನಾ. ಹೊರಗ ಬಂದು ಯಾರಿಗೆ ಮಾರಿ ತೋರಸ್ಲಿ?"

ನಾನೂ ರಾಜೇಸಾಬನೂ ರಟ್ಟೆ ಹಿಡಿದು ಜಗ್ಗಿದೆವು. ಅವನು ಮಗ್ಗದ ಕಟ್ಟಿಗೆಯನ್ನು ತಬ್ಬಿಕೊಂಡ. ಆ ಜಗ್ಗಾಟಕ್ಕೆ ಗೋಡೆಯ ಮಣ್ಣು ದಬದಬ ಬಿತ್ತು, ತೊಲೆ ಲಟಕ್ಕೆಂದಿತು. ಕೈಬಿಟ್ಟೆವು. ಬೈದೆ, ಬೇಡಿಕೊಂಡೆ, ದೇವರ ಆಣೆ ಹಾಕಿದೆ. ಅವನು ನೇಯುತ್ತಲೇ ಇದ್ದ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಅಷ್ಟು ದಿಕ್ಕುಗೆಟ್ಟದ್ದು ಇನ್ನೊಮ್ಮೆ ಇಲ್ಲ. ಕಣ್ಣೆದುರೇ ಒಬ್ಬ ಮನುಷ್ಯ ಸಾಯುತ್ತಾನೆ, ನನ್ನ ಕೈಯಲ್ಲಿ ಪ್ರಾಪ್ ಇದೆ, ನಿಲ್ಲಿಸಲು ಜಾಗವಿಲ್ಲ.

ಆಗ ನೀಲವ್ವ ಒಳಕ್ಕೆ ನುಗ್ಗಿದಳು, ಕೈಯಲ್ಲಿ ಕತ್ತರಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಎಳೆಗಳಿಗೆ ಹಾಸು ಎನ್ನುತ್ತಾರೆ. ಸೀರೆ ಮುಗಿಯದೆ ಹಾಸು ಕತ್ತರಿಸುವುದೆಂದರೆ ಅವರ ಮನೆತನದಲ್ಲಿ ಬಾಯಲ್ಲಿ ಆಡಬಾರದ ಮಾತು. ಅವಳು ಅರ್ಧ ನೇಯ್ದ ಸೀರೆಯ ಮುಂದೆ ಬಾಗಿ ಹಾಸನ್ನು ಕಚಕಚ ಕತ್ತರಿಸಿಬಿಟ್ಟಳು. ಬಿಗಿ ಬಿಟ್ಟ ಎಳೆಗಳು ಮುದುಡಿ ಬಿದ್ದವು.

"ಏನ್ ಮಾಡಿದೆಲೇ ರಂಡೇ!" ಶಂಕ್ರಪ್ಪ ಕುಣಿಯಿಂದ ಜಿಗಿದ. ಅವಳು ಕತ್ತರಿ ಎಸೆದು ಬಾಗಿಲ ಕಡೆ ಓಡಿದಳು. ಅವನು ಲಾಳಿ ಹಿಡಿದುಕೊಂಡೇ ಬೆನ್ನು ಹತ್ತಿದ.

"ರಾಜೇಸಾಬ, ಪ್ರಾಪ್ ಹೊಡಿ!" ಎಂದೆ. ಮಗ್ಗದ ಮೇಲಿನ ಕಟ್ಟಿಗೆ ಸರಿಸಿ, ಕುಣಿಯಲ್ಲಿ ಹಲಗೆ ಇಟ್ಟು ಪ್ರಾಪ್ ನಿಲ್ಲಿಸಿದೆವು. ತಿರುಪು ಬಿಗಿಯಾಗಿ ತೊಲೆಗೆ ತಾಗಿದಾಗ ಕರಕರ ನಿಂತಿತು. ನಡುವಿನ ಭಾರ ಅದು ಹೊತ್ತ ಮೇಲೆ ಉಳಿದ ಮೂರನ್ನು ಅಕ್ಕಪಕ್ಕದ ಮೆತ್ತನೆಯ ನೆಲದಲ್ಲಿ ಅಗಲ ಹಲಗೆಯ ಮೇಲೆ ಕೊಟ್ಟೆವು. ಹಿಂದಿನ ಅಡುಗೆಮನೆ ಮಾತ್ರ ನಮ್ಮ ಕಣ್ಣಮುಂದೆ ಕುಸಿದುಬಿತ್ತು. ಅದನ್ನು ಉಳಿಸಲಾಗಲಿಲ್ಲ.

ಧೂಳಿನಲ್ಲಿ ಕೆಮ್ಮುತ್ತ ಹೊರಗೆ ಬಂದೆ. ಮಳೆಯಲ್ಲಿ, ಓಣಿಯ ನಡುವೆ, ನೀಲವ್ವ ನಿಂತಿದ್ದಳು. ಶಂಕ್ರಪ್ಪನ ಕೈ ಮೇಲೆದ್ದಿತ್ತು. ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

"ಹೊಡೀರಿ. ಎಷ್ಟರ ಹೊಡೀರಿ. ಹೊರಗ ನಿಂತು ಹೊಡೀರಿ."

ಅವನು ತಿರುಗಿ ಮನೆಯನ್ನು ನೋಡಿದ, ಆಮೇಲೆ ಅವಳನ್ನು. ಎತ್ತಿದ ಕೈ ಹಾಗೇ ಇಳಿಯಿತು. ಕೆಸರಿನಲ್ಲೇ ಕುಕ್ಕರಿಸಿ ಕೂಸಿನ ಹಾಗೆ ಅತ್ತ. ಅಳು ನನಗೂ ಬಂತು, ಸುಳ್ಳೇಕೆ ಹೇಳಲಿ.

ಹಳೆಯ ಮನೆಯಲ್ಲಿ ಏನು ಕೀಳಬೇಕು, ಎಲ್ಲಿ ಆಸರೆ ಕೊಡಬೇಕು ಎಂಬುದನ್ನು ಪುಸ್ತಕ ಓದಿ ಕಲಿತಿದ್ದೆ. ಮನೆ ಕೆಡಿಸಿಕೊಂಡವನಿಗೂ ಆಸರೆ ಬೇಕು ಎಂಬುದನ್ನು ನೀಲವ್ವ ಕಲಿಸಿದಳು. ಕಂಬ ಕಿತ್ತವರನ್ನು ನಾನು ಈಗಲೂ ಬೈಯುತ್ತೇನೆ, ಬಾಯಿಗೆ ಬಂದಂತೆ ಬೈಯುತ್ತೇನೆ. ಆದರೆ ಮೊದಲು ಹೊರಗೆ ಕರೆದುಕೊಂಡು ಬಂದು, ಆಮೇಲೆ.